ರಾಯದುರ್ಗ, ಮಡಕಶಿರಾದ ಮಾಳಿಗೆ ಮನೆ: ಕೆಡವುವ ಮುನ್ನ ತಿಳಿಯಬೇಕಾದದ್ದು

ಕರಾವಳಿಯಲ್ಲಿ ಹಳೇ ಮನೆ ಅಂದರೆ ಹೆಂಚಿನ ಮಾಡು. ಆಂಧ್ರದ ಗಡಿಯ ರಾಯದುರ್ಗ, ಮಡಕಶಿರಾ ಕಡೆ ಹಳೇ ಮನೆ ಅಂದರೆ ಮಣ್ಣಿನ ಮಾಳಿಗೆ, ತೆಲುಗಿನಲ್ಲಿ ಮಿದ್ದೆ. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು, ಆಮೇಲೆ ಅನಂತಪುರಕ್ಕೆ ಸೇರಿತು. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಮಳೆ ಕಮ್ಮಿ, ಬಿಸಿಲು ಜಾಸ್ತಿ ಇರುವ ಸೀಮೆ ಇದು. ಹವಾಮಾನ ಬದಲಾಗಿ ಸೆಕೆ ಏರುತ್ತಿರುವಾಗ ಈ ಮನೆಗಳನ್ನು ಕೆಡವಿ ಸ್ಲ್ಯಾಬ್ ಹಾಕಿದರೆ ಕರೆಂಟ್ ಬಿಲ್ಲೂ ಏರುತ್ತದೆ.

ತಂಪಿಗೆ ಕಾರಣ

ದಪ್ಪ ಕಲ್ಲು-ಮಣ್ಣಿನ ಗೋಡೆ, ಮೇಲೆ ಮರದ ತೊಲೆ-ಜಂತೆ, ಅದರ ಮೇಲೆ ಮಣ್ಣಿನ ಹಾಸು. ಹಗಲಿನ ಬಿಸಿ ಇದನ್ನು ದಾಟಿ ಒಳಗಿಳಿಯಲು ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಹೊರಗೆ ತಂಪಾಗಿರುತ್ತದೆ. ತೆಳು ಸ್ಲ್ಯಾಬ್ ಬೇಗ ಕಾಯುತ್ತದೆ, ತಗಡಿನ ಶೀಟು ಇನ್ನೂ ಬೇಗ. ಮೇಲ್ಪದರಕ್ಕೆ ಹಾಕುವ ಚೌಳು ಮಣ್ಣು ನೆನೆದಾಗ ಉಬ್ಬಿ ಸಣ್ಣ ಬಿರುಕು ಮುಚ್ಚುವುದರಿಂದ ನೀರು ಬೇಗ ಇಳಿಯುವುದಿಲ್ಲ.

ಮಾಡಬೇಕಾದ್ದು

* ಮಳೆಗಾಲಕ್ಕೆ ಮೊದಲು ಮಾಳಿಗೆ ಸರಿಪಡಿಸಿ. ಸವೆದ ಹಳೇ ಮಣ್ಣು ತೆಗೆದೇ ಹೊಸದು ಹಾಕಿ. ವರ್ಷ ವರ್ಷ ಮಣ್ಣು ಹೇರುತ್ತಾ ಹೋದರೆ, ಜೋರು ಮಳೆಗೆ ನೆನೆದ ಭಾರಕ್ಕೆ ಮಾಳಿಗೆ ಕುಸಿಯಬಹುದು.
* ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಬೇಡ. ತೇವ ಒಳಗೇ ಉಳಿಯುತ್ತದೆ. ಮಣ್ಣು ಅಥವಾ ಸುಣ್ಣದ ಗಾರೆ ಸಾಕು.
* ಗವಾಕ್ಷಿ ಮುಚ್ಚಬೇಡಿ. ಬೆಳಕು ಬರುತ್ತದೆ, ಬಿಸಿ ಗಾಳಿ ಮೇಲಿಂದ ಹೊರಹೋಗುತ್ತದೆ.
* ಬೇಸಿಗೆಯಲ್ಲಿ ಹಗಲು ಕಿಟಕಿ ಮುಚ್ಚಿ, ರಾತ್ರಿ ತೆರೆಯಿರಿ.
* ಈಗಾಗಲೇ ಸ್ಲ್ಯಾಬ್ ಹಾಕಿದ್ದರೆ ಮೇಲೆ ಬಿಳಿ ಸುಣ್ಣ ಬಳಿಯಿರಿ. ಬಿಸಿಲು ವಾಪಸ್ ಹೋಗುತ್ತದೆ. ತೆಲಂಗಾಣ ಸರಕಾರ 2023ರಲ್ಲಿ ಇಂಥ ತಂಪು ಛಾವಣಿಗೆಂದೇ ನೀತಿ ತಂದಿದೆ.

ಲೆಕ್ಕ ಹೀಗಿದೆ

ಹಳೇ ಸೀಲಿಂಗ್ ಫ್ಯಾನ್ ಸುಮಾರು 75 ವಾಟ್, ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವಾಟ್. ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ ಒಂದು ಫ್ಯಾನಿಗೆ 16 ಯೂನಿಟ್ ಉಳಿತಾಯ. ಮಾಳಿಗೆ ಮನೆಯಲ್ಲಿ ಬಹಳ ಸಲ ಫ್ಯಾನೇ ಸಾಕಾಗುತ್ತದೆ. ಒಂದೂವರೆ ಟನ್ ಎಸಿ ಗಂಟೆಗೆ ಒಂದು ಯೂನಿಟ್‌ಗಿಂತ ಹೆಚ್ಚು ಎಳೆಯುವುದುಂಟು.

ಎಚ್ಚರಿಕೆ

ತೊಲೆಗೆ ಗೆದ್ದಲು ಹಿಡಿದಿದ್ದರೆ, ಗೋಡೆ ಉಬ್ಬಿದ್ದರೆ ಆ ಕೋಣೆಯಲ್ಲಿ ಮಲಗಬೇಡಿ. ಉಳಿತಾಯಕ್ಕಿಂತ ಜೀವ ದೊಡ್ಡದು. ಮಣ್ಣಿನ ಮಾಳಿಗೆ ಮೇಲೆ ಸೋಲಾರ್ ಪ್ಯಾನಲ್ ಅಥವಾ ನೀರಿನ ಟ್ಯಾಂಕ್ ಇಡಬೇಡಿ. ಅಂಗಳದಲ್ಲಿ ಸ್ಟ್ಯಾಂಡ್ ಹಾಕಿ ಕೂರಿಸಿ. ತೊಲೆ ಗಟ್ಟಿ ಇದೆಯೇ ಎಂದು ಮಾಳಿಗೆ ಕೆಲಸ ಬಲ್ಲ ಹಿರಿಯ ಮೇಸ್ತ್ರಿಗೆ ತೋರಿಸಿ, ಆಮೇಲೆ ಉಳಿಸುವುದೋ ಕೆಡವುವುದೋ ತೀರ್ಮಾನಿಸಿ.