ಫರ್ಮಾನಿನ ಉತ್ತರಾರ್ಧ: ರಾಯಚೂರು ಸೀಮೆಯ ಇಂಗ್ಲಿಷ್ ಓದಿನ ಚರಿತ್ರೆಗೊಂದು ತಿದ್ದುಪಡಿ

ಹೈದರಾಬಾದಿನ ನಿಜಾಮರು ತಮ್ಮ ಆಳ್ವಿಕೆಯಲ್ಲಿದ್ದ ರಾಯಚೂರು ಸೀಮೆಯಲ್ಲಿ ಉರ್ದು ಹೇರಿದರು, ಇಂಗ್ಲಿಷನ್ನು ಹೊರಗಿಟ್ಟರು. ಅಲ್ಲಿನ ದೇವದುರ್ಗ, ಮಾನ್ವಿಯ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಇಂಗ್ಲಿಷ್ ಗದ್ಯ ಇಂದಿಗೂ ಅರ್ಥವಾಗದಿರುವುದಕ್ಕೆ ಅದೇ ಮೂಲ. ಈ ಭಾಗದ ಶಿಕ್ಷಣದ ಬಗ್ಗೆ ಬರೆಯುವವರು ಈ ಮಾತನ್ನು ಒಬ್ಬರಿಂದೊಬ್ಬರು ಎತ್ತಿಕೊಳ್ಳುತ್ತ ಬಂದಿದ್ದಾರೆ. ಉರ್ದು ಹೇರಿಕೆಯ ಮಾತು ನಿಜ. ಇಂಗ್ಲಿಷನ್ನು ಹೊರಗಿಟ್ಟರೆಂಬುದಕ್ಕೆ ಮಾತ್ರ ದಾಖಲೆ ಸಾಕ್ಷಿ ಹೇಳುವುದಿಲ್ಲ.

ಆ ದಾಖಲೆ 1917ರ ಫರ್ಮಾನು. ಸಂಸ್ಥಾನದ ಅಧಿಕಾರಿ ಅಕ್ಬರ್ ಹೈದರಿಯವರ ಮನವಿಯನ್ನು ಒಪ್ಪಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಹೊರಡಿಸಿದ ಈ ಆಜ್ಞೆಯಿಂದಲೇ ಮರುವರ್ಷ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು. ಉನ್ನತ ಶಿಕ್ಷಣದ ಮಾಧ್ಯಮ ಉರ್ದು ಎಂಬ ಪೂರ್ವಾರ್ಧವನ್ನು ಎಲ್ಲರೂ ಉದ್ಧರಿಸುತ್ತಾರೆ. ಎಲ್ಲ ವಿದ್ಯಾರ್ಥಿಗಳಿಗೂ ಇಂಗ್ಲಿಷ್ ಭಾಷೆಯ ಜ್ಞಾನ ಕಡ್ಡಾಯವೆಂಬ ಉತ್ತರಾರ್ಧವನ್ನು ಬಿಟ್ಟುಬಿಡುತ್ತಾರೆ. ಅರ್ಧ ಓದಿದ ಆಜ್ಞೆಯ ಮೇಲೆ ಒಂದು ಸೀಮೆಯ ಚರಿತ್ರೆಯನ್ನು ಕಟ್ಟುವುದು ಸಂಶೋಧನೆಯಲ್ಲ.

ಕಡ್ಡಾಯವೆಂಬುದು ಬರೀ ಕಾಗದದ ಮಾತು ಎಂಬ ಆಕ್ಷೇಪ ಬರಬಹುದು. ಆದರೆ ರಾಜಧಾನಿ ಹೈದರಾಬಾದಿನಲ್ಲೇ ಇದ್ದ ನಿಜಾಂ ಕಾಲೇಜು ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿ ಇಂಗ್ಲಿಷಿನಲ್ಲೇ ಬೋಧಿಸುತ್ತಿತ್ತು. ಉಸ್ಮಾನಿಯಾದ ಅನುವಾದ ವಿಭಾಗವಂತೂ ಇಂಗ್ಲಿಷ್ ಗ್ರಂಥಗಳನ್ನು ಉರ್ದುವಿಗೆ ತರುವುದಕ್ಕೆಂದೇ ಇತ್ತು. ಅರ್ಥವನ್ನು ತನ್ನ ಭಾಷೆಯಲ್ಲಿ ಗ್ರಹಿಸಬೇಕು, ಇಂಗ್ಲಿಷನ್ನು ಓದಲು ಕಲಿಯಬೇಕು: ಹೈದರಿಯವರ ಯೋಜನೆಯ ತಿರುಳು ಇದು. ಉರ್ದು ಮನೆಮಾತಿನ ಹುಡುಗನಿಗೆ ಅದು ಒಳ್ಳೆಯ ಯೋಜನೆಯೇ. ಆದರೆ ಮಾನ್ವಿಯ ಕನ್ನಡದ ಹುಡುಗನಿಗೆ ಇಂಗ್ಲಿಷಿನ ಅರ್ಥ ಹೇಳಬೇಕಾದ ಉರ್ದುವೇ ಪರಭಾಷೆಯಾಗಿತ್ತು. ಅವನಿಗೆ ತಪ್ಪಿದ್ದು ಇಂಗ್ಲಿಷ್ ಅಲ್ಲ, ಅದರ ಅರ್ಥಕ್ಕೆ ದಾರಿಯಾಗಬೇಕಿದ್ದ ಕನ್ನಡ. (ಇದರಿಂದ ನಿಜಾಮರನ್ನು ದೋಷಮುಕ್ತಗೊಳಿಸಿದಂತಾಗುವುದಿಲ್ಲ, ಆರೋಪ ಇನ್ನಷ್ಟು ಭಾರವಾಗುತ್ತದೆ.)

ಇಂದಿನ ತೊಡಕಿಗೂ ಇಂಗ್ಲಿಷ್ ಪಾಠದ ಕೊರತೆ ಕಾರಣವಲ್ಲ. ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007–08ರಲ್ಲಿ. ಇಂದು ಪರೀಕ್ಷೆಗೆ ಕೂರುವ ದೇವದುರ್ಗದ ಹುಡುಗಿಯ ಶಾಲೆಯಲ್ಲಿ ಹತ್ತು ವರ್ಷವೂ ಇಂಗ್ಲಿಷ್ ಪಾಠವಿತ್ತು. ಆದರೂ ಅಪಠಿತ ಗದ್ಯ ಎದುರಾದಾಗ ಪ್ರಶ್ನೆಯಲ್ಲಿರುವ ಪದ ಗದ್ಯದ ಯಾವ ಸಾಲಿನಲ್ಲಿದೆಯೆಂದು ಹುಡುಕಿ, ಆ ಸಾಲನ್ನೇ ಇಳಿಸಿಬಿಡುತ್ತಾಳೆ. ‘ಏಕೆ’ ಎಂದು ಕೇಳಿದರೆ, ಉತ್ತರ ಎರಡು ವಾಕ್ಯಗಳ ನಡುವೆ ಹಂಚಿಹೋಗಿದ್ದರೆ, ಈ ಉಪಾಯ ನಡೆಯದು. ಪರೀಕ್ಷೆ ಪಾಸಾಗಲೆಂದು ಕೊಡುವ ‘ಪಾಸಿಂಗ್ ಪ್ಯಾಕೇಜ್’ನಲ್ಲಿ ಪತ್ರ, ಪ್ರಬಂಧಗಳನ್ನು ಬಾಯಿಪಾಠ ಮಾಡಿಸಬಹುದು, ಕಾಣದ ಗದ್ಯವನ್ನು ಮಾಡಿಸಲಾಗದು.

ಓದಿ ಅರ್ಥ ಮಾಡಿಕೊಳ್ಳುವುದನ್ನೇ ಕಲಿಸಬೇಕೆಂಬ ಮಾತು ಹಳೆಯದು. ಬಂಗಾಳದ ಅನುಭವದಿಂದ ಇಂಗ್ಲಿಷ್ ಬೋಧನಾ ತಜ್ಞ ಮೈಕೇಲ್ ವೆಸ್ಟ್ 1926ರಲ್ಲಿಯೇ ಭಾರತೀಯ ಮಕ್ಕಳಿಗೆ ಓದಿನ ಸಾಮರ್ಥ್ಯ ಮೊದಲು ಎಂದು ವಾದಿಸಿದ್ದರು. 1979ರಿಂದ 1984ರವರೆಗೆ ಇನ್ನೊಬ್ಬ ಬೋಧನಾ ತಜ್ಞ ಎನ್. ಎಸ್. ಪ್ರಭು ಅವರು ಬೆಂಗಳೂರು, ಮದರಾಸು ಕಡೆಯ ಶಾಲೆಗಳಲ್ಲಿ ನಡೆಸಿದ ಪ್ರಯೋಗದಲ್ಲಿ ರೈಲ್ವೆ ವೇಳಾಪಟ್ಟಿಯಂಥದನ್ನು ಮುಂದಿಟ್ಟು, ಮಕ್ಕಳು ತರ್ಕಿಸಿ ಉತ್ತರ ಕಂಡುಕೊಳ್ಳುವಂತೆ ಮಾಡುತ್ತಿದ್ದರು. ಅದನ್ನು ‘ಸ್ಪೋಕನ್ ಇಂಗ್ಲಿಷ್’ ಪ್ರಯೋಗವೆಂದು ತಿಳಿದವರು ಪ್ರಭು ಅವರ 1987ರ ಪುಸ್ತಕವನ್ನು ತೆರೆದು ನೋಡಿದಂತಿಲ್ಲ. ಅಲ್ಲಿ ಗಮನವೆಲ್ಲ ಅರ್ಥದ ಮೇಲೆ. ಮಗು ಮೊದಲ ದಿನಗಳಲ್ಲಿ ಹೆಚ್ಚು ಮಾತನಾಡಬೇಕೆಂಬ ಒತ್ತಾಯವೂ ಇರಲಿಲ್ಲ.

ಪರಭಾಷೆಯ ಅರ್ಥವನ್ನು ಕನ್ನಡದಲ್ಲಿ ಹಿಡಿಯುವುದು ಈ ನೆಲಕ್ಕೆ ಹೊಸದಲ್ಲ. ಸಂಸ್ಕೃತದಲ್ಲಿದ್ದ ಮಧ್ವ ಸಿದ್ಧಾಂತವನ್ನು ‘ಹರಿಕಥಾಮೃತಸಾರ’ವಾಗಿ ಕನ್ನಡಕ್ಕೆ ತಂದ ಜಗನ್ನಾಥದಾಸರು ಮಾನ್ವಿಯವರೇ. ಈ ಜಿಲ್ಲೆಯ ಇಂಗ್ಲಿಷ್ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ: ಅಪಠಿತ ಗದ್ಯ ಕೊಟ್ಟ ದಿನ ಮಕ್ಕಳಿಂದ ಉತ್ತರ ಬರೆಸುವ ಮುನ್ನ, ಆ ಗದ್ಯ ಏನು ಹೇಳುತ್ತಿದೆಯೆಂದು ಕನ್ನಡದಲ್ಲಿ ಹೇಳಿಸಿ.