ಬಿಂದುಜಾಲದ ಅಕ್ಷರಗಳು: ಒಂದು ಐತಿಹಾಸಿಕ ವಿವೇಚನೆ

ಲಿಪಿಯ ಇತಿಹಾಸವನ್ನು ವಿವೇಚಿಸುವವರು ಅಕ್ಷರದ ರೂಪವನ್ನು ಅದನ್ನು ಮೂಡಿಸುವ ಸಾಧನದಿಂದ ಬೇರ್ಪಡಿಸಿ ನೋಡಲಾರರು. ಶಾಸನದ ಅಕ್ಷರಕ್ಕೆ ಉಳಿಯ ಗುರುತು, ಓಲೆಗರಿಯ ಅಕ್ಷರಕ್ಕೆ ಕಂಠದ ಗುರುತು, ಅಚ್ಚಿನ ಅಕ್ಷರಕ್ಕೆ ಸೀಸದ ಮೊಳೆಯ ಗುರುತು ಅಂಟಿಕೊಂಡೇ ಇರುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಈ ಸಾಧನಗಳ ಸಾಲಿಗೆ ಇನ್ನೊಂದು ಬಂದು ಸೇರಿತು. ಅದು ಬೆಳಗುವ ಅಥವಾ ಆರುವ ಬಿಂದು. ಎಲೆಕ್ಟ್ರಾನಿಕ್ ಫಲಕಗಳ ಈ ಬಿಂದುವಿನಿಂದ ಹುಟ್ಟಿದ ಮುದ್ರಣಾಕ್ಷರಗಳ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದೂ, ಯಂತ್ರಕ್ಕೂ ಅಕ್ಷರಕ್ಕೂ ಹೊಂದಿಕೆ ತಪ್ಪಿದಾಗ ಯಾವುದು ಯಾವುದಕ್ಕೆ ಮಣಿಯಬೇಕು ಎಂಬ ಪ್ರಶ್ನೆಯನ್ನು ವಿಚಾರಿಸುವುದೂ ಈ ಲೇಖನದ ಉದ್ದೇಶ.

ಮೊದಲು ಬಿಂದುಜಾಲದ ಸ್ವರೂಪವನ್ನು ತಿಳಿಯಬೇಕು. ಐದು ಕಂಬಸಾಲು, ಏಳು ಅಡ್ಡಸಾಲು, ಒಟ್ಟು ೩೫ ಬಿಂದುಗಳು: ರೋಮನ್ ಲಿಪಿಯ ದೊಡ್ಡಕ್ಷರಗಳನ್ನೂ ಅಂಕಿಗಳನ್ನೂ ಮೂಡಿಸಲು ಇಷ್ಟು ಸಾಕು. ಚುಕ್ಕಿಯ ರಂಗವಲ್ಲಿಯನ್ನು ಬಲ್ಲ ನಮಗೆ ಇದು ಪರಿಚಿತವಾದುದೆಂದೇ ತೋರಬಹುದು. ಆದರೆ ಇಲ್ಲೊಂದು ಭೇದವುಂಟು. ರಂಗವಲ್ಲಿಯಲ್ಲಿ ಚುಕ್ಕಿಯು ಗೆರೆಗೆ ದಾರಿ ತೋರಿಸುತ್ತದೆ. ಗೆರೆಯು ಬೇಕಾದಂತೆ ಬಳುಕುತ್ತದೆ. ಬಿಂದುಜಾಲದಲ್ಲಿ ಗೆರೆಯೇ ಇಲ್ಲ. ಬೆಳಗಿದ ಬಿಂದುಗಳನ್ನು ಕೂಡಿಸಿ ಗೆರೆಯೆಂದು ಭಾವಿಸುವುದು ನೋಡುವವನ ಕಣ್ಣು.

ಇಂತಹ ಅಕ್ಷರಗಳು ಎಲೆಕ್ಟ್ರಾನಿಕ್ ಯಂತ್ರಗಳಿಗಿಂತ ಹಳೆಯವು. ೧೯೨೮ರ ನವೆಂಬರಿನಲ್ಲಿ ನ್ಯೂಯಾರ್ಕಿನ ಟೈಮ್ಸ್ ಚೌಕದ ಕಟ್ಟಡವೊಂದರ ಸುತ್ತ ೧೪,೮೦೦ ವಿದ್ಯುದ್ದೀಪಗಳ ಪಟ್ಟಿಯ ಮೇಲೆ ಅಧ್ಯಕ್ಷ ಚುನಾವಣೆಯ ಫಲಿತಾಂಶವು ಹರಿದುಹೋಯಿತು. ಮರುವರ್ಷ, ೧೯೨೯ರಲ್ಲಿ, ಜರ್ಮನಿಯ ರುಡಾಲ್ಫ್ ಹೆಲ್ (೧೯೦೧–೨೦೦೨) ತನ್ನ ದೂರಲೇಖನ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಹೆಲ್‌ಶ್ರೈಬರ್ ಎಂಬ ಈ ಯಂತ್ರವು ಅಕ್ಷರವನ್ನು ಏಳು ಕಂಬಸಾಲು, ಏಳು ಅಡ್ಡಸಾಲುಗಳ ಚೌಕಟ್ಟಿನಲ್ಲಿಟ್ಟು, ಒಂದೊಂದು ಮನೆಯನ್ನು ಕಪ್ಪು ಅಥವಾ ಬಿಳುಪೆಂದು ಸಾಲಾಗಿ ಕಳುಹಿಸುತ್ತಿತ್ತು.

ಹೆಲ್‌ನ ಯುಕ್ತಿಯ ಮಹತ್ವವನ್ನು ಗಮನಿಸಬೇಕು. ಸಾಮಾನ್ಯ ದೂರಮುದ್ರಕದಲ್ಲಿ ಸಂಕೇತವೊಂದು ಕೆಟ್ಟರೆ ಒಂದು ಅಕ್ಷರದ ಬದಲು ಬೇರೊಂದು ಅಕ್ಷರವೇ ಅಚ್ಚಾಗುತ್ತದೆ. ಓದುಗನಿಗೆ ಮೋಸ ತಿಳಿಯುವುದಿಲ್ಲ. ಹೆಲ್‌ನ ಯಂತ್ರದಲ್ಲಿ ಗದ್ದಲವು ಕೆಲವು ಬಿಂದುಗಳನ್ನು ಕೆಡಿಸಿದರೂ ಉಳಿದ ಬಿಂದುಗಳಿಂದ ಕಣ್ಣು ಅಕ್ಷರವನ್ನು ಗುರುತಿಸಬಲ್ಲುದು. ಎಂದರೆ, ಯಂತ್ರಕ್ಕೆ ಅಕ್ಷರಜ್ಞಾನವಿಲ್ಲ. ಅದಕ್ಕೆ ಗೊತ್ತಿರುವುದು ಕಪ್ಪು ಬಿಳುಪು ಮಾತ್ರ. ಓದುವ ಹೊಣೆಯು ಮನುಷ್ಯನ ಕಣ್ಣಿನಲ್ಲಿಯೇ ಉಳಿಯಿತು. ೧೯೪೯ರಲ್ಲಿ ಬಂದ ಐಬಿಎಂ ೦೨೬ ಎಂಬ ರಂಧ್ರಯಂತ್ರವು ೩೫ ಸಣ್ಣ ತಂತಿಗಳಿಂದ ರಟ್ಟಿನ ಮೇಲಂಚಿನಲ್ಲಿ ಅಕ್ಷರಗಳನ್ನೊತ್ತಿದುದೂ ಇದೇ ತತ್ತ್ವದಿಂದ.

ಇದುವರೆಗೆ ಬಿಂದುವು ಸುದ್ದಿ ಮುಟ್ಟಿಸುವ ಉಪಾಯವಾಗಿತ್ತೇ ಹೊರತು ಪುಸ್ತಕ ಮುದ್ರಣದ ಸಾಧನವಾಗಿರಲಿಲ್ಲ. ೧೯೬೫ರಲ್ಲಿ ಹೆಲ್‌ನ ಸಂಸ್ಥೆಯೇ ಡಿಜಿಸೆಟ್ ಎಂಬ ಅಕ್ಷರಜೋಡಣಾ ಯಂತ್ರವನ್ನು ಹೊರತಂದಾಗ ಪರಿಸ್ಥಿತಿ ಬದಲಾಯಿತು. ಇದರಲ್ಲಿ ಸೀಸದ ಮೊಳೆಯೂ ಇಲ್ಲ, ಛಾಯಾಚಿತ್ರದ ಪಡಿಯಚ್ಚೂ ಇಲ್ಲ. ಅಂಕೆಗಳಾಗಿ ಸಂಗ್ರಹಿಸಿಟ್ಟ ಅಕ್ಷರವನ್ನು ಕಿರಣನಳಿಕೆಯ ಗಾಜಿನ ಮೇಲೆ ಬೆಳಕಿನಿಂದ ಬರೆದು ಫಿಲ್ಮಿಗೆ ಇಳಿಸಲಾಗುತ್ತಿತ್ತು. ನಾಲ್ಕು ಶತಮಾನಗಳ ಹಿಂದಿನ ಗ್ಯಾರಮಂಡ್ ಮೊದಲಾದ ಅಕ್ಷರಗಳ ನಯವಾದ ಬಾಗುಗಳು ಇಲ್ಲಿ ಮೆಟ್ಟಿಲು ಮೆಟ್ಟಿಲಾದವು. ಗಾತ್ರ ಬದಲಾದಂತೆ ರೂಪವೂ ಬದಲಾಗುತ್ತಿತ್ತು.

ಇಂತಹ ಫಲಿತಾಂಶವನ್ನು ಜರ್ಮನಿಯ ಪ್ರದರ್ಶನವೊಂದರಲ್ಲಿ ಕಂಡ ಡಚ್ ವಿನ್ಯಾಸಕಾರ ವಿಮ್ ಕ್ರೌವೆಲ್ (೧೯೨೮–೨೦೧೯) ೧೯೬೭ರಲ್ಲಿ ‘ಹೊಸ ವರ್ಣಮಾಲೆ’ ಎಂಬ ಪ್ರಯೋಗವನ್ನು ಪ್ರಕಟಿಸಿದನು. ಯಂತ್ರವು ಬಾಗನ್ನು ಬರೆಯಲಾರದಾದರೆ ಬಾಗನ್ನೇ ಬಿಟ್ಟುಬಿಡೋಣ ಎಂಬುದು ಅವನ ವಾದದ ಸಾರ. ಅವನ ಅಕ್ಷರಗಳಲ್ಲಿ ಅಡ್ಡಗೆರೆ, ನೆಟ್ಟಗೆರೆ, ಮೂಲೆಗಳಲ್ಲಿ ೪೫ ಅಂಶದ ಸಣ್ಣ ಕತ್ತರಿಕೆ ಇಷ್ಟೇ ಇವೆ. ‘ಎನ್’ ಅಕ್ಷರದ ಕೆಳಗೆ ಗೆರೆ ಎಳೆದರೆ ‘ಎಂ’ ಆಗುತ್ತದೆ. ದೊಡ್ಡಕ್ಷರವೆಂದು ತಿಳಿಸಲು ಮೇಲೊಂದು ಗೆರೆ. ಈ ವ್ಯವಸ್ಥೆ ತರ್ಕಶುದ್ಧವಾಗಿತ್ತು. ಆದರೆ ಹಲವು ಅಕ್ಷರಗಳನ್ನು ಓದುಗರು ಗುರುತಿಸಲಾರದೆ ಹೋದರು. ಇದು ನಿತ್ಯದ ಬಳಕೆಗೆಂದು ರಚಿಸಿದುದಲ್ಲವೆಂದು ಕ್ರೌವೆಲ್‌ನೇ ಮುಂದೆ ಒಪ್ಪಿಕೊಂಡನು.

ಅದೇ ವರ್ಷ ಅದೇ ದೇಶದ ತರುಣ ವಿನ್ಯಾಸಕಾರ ಖೆರಾರ್ಡ್ ಉಂಗರ್ (೧೯೪೨–೨೦೧೮) ಇದಕ್ಕೆ ಪ್ರತಿಸೂಚನೆಯೊಂದನ್ನು ಪ್ರಕಟಿಸಿದನು. ಶತಮಾನಗಳಿಂದ ರೂಢಿಯಾದ ಓದಿನ ಅಭ್ಯಾಸವನ್ನು ಯಂತ್ರದ ಮೊದಲ ಹೆಜ್ಜೆಯ ದೌರ್ಬಲ್ಯಕ್ಕಾಗಿ ಬಲಿಕೊಡಬೇಕಿಲ್ಲ ಎಂಬುದು ಅವನ ಪಕ್ಷ. ೧೯೭೦ರ ದಶಕದಲ್ಲಿ ಅವನು ಆ ಡಿಜಿಸೆಟ್ ಯಂತ್ರಕ್ಕಾಗಿಯೇ ಡೆಮೊಸ್ ಮುಂತಾದ ಅಕ್ಷರಗಳನ್ನು ರಚಿಸಿ ತನ್ನ ಮಾತನ್ನು ಕೃತಿಯಲ್ಲಿ ತೋರಿಸಿದನು. ದಪ್ಪ ತೆಳುಗಳ ಅಂತರ ಕಡಮೆಯಾಯಿತು, ಗೆರೆಯ ತುದಿಗಳು ಮೊಂಡಾದವು. ಆದರೆ ಅಕ್ಷರದ ಗುರುತು ಕೆಡಲಿಲ್ಲ.

ಹಾಗಾದರೆ ಉಂಗರ್‌ನೇ ಗೆದ್ದನೆಂದು ಹೇಳಬಹುದೆ? ಬಳಕೆಯ ದೃಷ್ಟಿಯಿಂದ ಹೌದು. ಆದರೆ ಮುಂದಿನ ಚರಿತ್ರೆ ಅಷ್ಟು ಸರಳವಲ್ಲ. ೧೯೮೪ರಲ್ಲಿ ಮ್ಯಾಕಿಂಟಾಷ್ ಗಣಕವು ಬಂದಾಗ, ಬ್ರಾಟಿಸ್ಲಾವದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಜುಜಾನಾ ಲಿಚ್ಕೊ ಎಂಬಾಕೆ ಅದರ ಒರಟು ಬಿಂದುಗಳನ್ನು ಮರೆಮಾಚದೆ, ಅವುಗಳನ್ನೇ ಆಧಾರವಾಗಿಟ್ಟುಕೊಂಡು ಓಕ್ಲಂಡ್ ಮೊದಲಾದ ಅಕ್ಷರಗಳನ್ನು ರಚಿಸಿದಳು. ಕ್ರೌವೆಲ್‌ನ ವರ್ಣಮಾಲೆಯ ರೂಪಗಳು ೧೯೮೮ರಲ್ಲಿ ಆಂಗ್ಲ ಗಾಯನ ತಂಡವೊಂದರ ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಕಾಣಿಸಿಕೊಂಡವು. ೨೦೧೧ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ೨೩ ಮುದ್ರಣಾಕ್ಷರಗಳನ್ನು ಸಂಗ್ರಹಿಸಿದಾಗ ‘ಹೊಸ ವರ್ಣಮಾಲೆ’ಯೂ ಓಕ್ಲಂಡೂ ಅವುಗಳಲ್ಲಿದ್ದವು. ಯಂತ್ರದ ಕೊರತೆ ತೀರಿದ ಮೇಲೆ ಕೊರತೆಯೇ ಅಲಂಕಾರವಾಯಿತು. ಒಂದು ಕಾಲದಲ್ಲಿ ಅನಿವಾರ್ಯವಾಗಿದ್ದ ಬಿಂದು ಇಂದು ವಿನ್ಯಾಸಕಾರನು ಬೇಕೆಂದು ಆರಿಸಿಕೊಳ್ಳುವ ರೂಪವಾಗಿದೆ.

ಈ ಪ್ರಶ್ನೆ ಕನ್ನಡಕ್ಕೆ ಹೊರಗಿನದಲ್ಲ. ಯಂತ್ರಕ್ಕೆ ಅಕ್ಷರಜ್ಞಾನವಿಲ್ಲದ ಕಾರಣ ಬಿಂದುಜಾಲವು ಯಾವ ಲಿಪಿಗೂ ತೆರೆದಿದೆ. ಆದರೆ ಜಾಲದ ಅಳತೆ ರೋಮನ್ ಲಿಪಿಯದು. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಸಕಾರ, ಅದರ ತಲೆಯ ಗುಡಿಸು, ಬಲಗಡೆಯ ದೀರ್ಘ, ಕೆಳಗೆ ತಕಾರದ ಒತ್ತು, ಅದರ ಪಕ್ಕದಲ್ಲಿ ರಕಾರದ ಒತ್ತು ಇಷ್ಟೂ ಸೇರಬೇಕು; ಏಳು ಅಡ್ಡಸಾಲುಗಳಲ್ಲಿ ಇವಕ್ಕೆ ಎಡೆಯಿಲ್ಲ. ದಕಾರ ಧಕಾರಗಳ ಭೇದವಿರುವುದು ಕೆಳಗಿನ ಸಣ್ಣ ಸೀಳಿನಲ್ಲಿ. ಆ ಒಂದು ಬಿಂದು ಲೋಪವಾದರೆ ‘ಧನ’ವು ‘ದನ’ವಾಗುತ್ತದೆ. ರೋಮನ್ ಅಕ್ಷರದಲ್ಲಿ ಬಿಂದುವಿನ ಕೊರತೆಯು ಬಹುಮಟ್ಟಿಗೆ ಅಂದವನ್ನು ಕೆಡಿಸುತ್ತದೆ. ಕನ್ನಡದಲ್ಲಿ ಅರ್ಥವನ್ನೇ ಕೆಡಿಸುತ್ತದೆ. ಆದಕಾರಣ ರೈಲು ನಿಲ್ದಾಣಗಳ ದೀಪಫಲಕಗಳಲ್ಲಿ ಕನ್ನಡವು ಸ್ಪಷ್ಟವಾಗಿ ಮೂಡಬೇಕಾದರೆ ಅಡ್ಡಸಾಲುಗಳನ್ನು ಹೆಚ್ಚಿಸಲೇಬೇಕು. ಇಲ್ಲಿ ಜಾಲವು ಲಿಪಿಗೆ ಮಣಿಯಬೇಕೇ ಹೊರತು ಲಿಪಿಯು ಜಾಲಕ್ಕೆ ಮಣಿಯುವಂತಿಲ್ಲ.

ಮೇಲಿನ ವಿವೇಚನೆಯಿಂದ ಒಂದು ನಿರ್ಣಯಕ್ಕೆ ಬರಬಹುದೆಂದು ನಮ್ಮ ಅಭಿಪ್ರಾಯ. ಯಂತ್ರದ ಮಿತಿ ಬಹುಕಾಲ ನಿಲ್ಲುವುದಿಲ್ಲ. ಡಿಜಿಸೆಟ್ಟಿನ ಮೆಟ್ಟಿಲುಗಳು ಕೆಲವೇ ದಶಕಗಳಲ್ಲಿ ಮಾಯವಾದವು. ಓದಿನ ಅಭ್ಯಾಸವಾದರೋ ತಲೆಮಾರುಗಳಿಂದ ಬಂದುದು. ಅಲ್ಪಾಯುವಾದ ಮಿತಿಗಾಗಿ ದೀರ್ಘಾಯುವಾದ ಲಿಪಿಯನ್ನು ತಿದ್ದಲು ಹೊರಡುವ ಮುನ್ನ ೧೯೬೭ರ ಈ ವಾದ ಪ್ರತಿವಾದಗಳನ್ನು ನೆನೆಯುವುದು ಲೇಸು. ಕ್ರೌವೆಲ್‌ನ ಪ್ರಯೋಗ ವ್ಯರ್ಥವಾಯಿತೆಂದು ಇದರ ಅರ್ಥವಲ್ಲ. ಆ ಪ್ರಶ್ನೆಯನ್ನು ಅವನು ಅಷ್ಟು ನಿಷ್ಠುರವಾಗಿ ಎತ್ತದಿದ್ದರೆ ಉಂಗರ್‌ನ ಉತ್ತರವೂ ನಮಗೆ ದೊರೆಯುತ್ತಿರಲಿಲ್ಲ.