ಬಿಸಿನೀರಿನ ಸ್ನಾನ: ಶಾಸ್ತ್ರ, ರೂಢಿ ಮತ್ತು ದೇಹಧರ್ಮ

ಕನ್ನಡ ನಾಡಿನಲ್ಲಿ ಬಿಸಿನೀರಿನ ಸ್ನಾನದ ಚರಿತ್ರೆಯನ್ನು ಅರಸುವವರಿಗೆ ಮೊದಲು ಎದುರಾಗುವುದು ಶಾಸ್ತ್ರಕ್ಕೂ ರೂಢಿಗೂ ನಡುವಣ ಒಂದು ವೈರುಧ್ಯ. ಸುಮಾರು 7ನೆಯ ಶತಮಾನದವನೆಂದು ಭಾವಿಸಲಾದ ವಾಗ್ಭಟನು ‘ಅಷ್ಟಾಂಗಹೃದಯ’ದ ದಿನಚರ್ಯಾಧ್ಯಾಯದಲ್ಲಿ, ತಲೆಯನ್ನುಳಿದು ಕೆಳಗಿನ ದೇಹಕ್ಕೆ ಬಿಸಿನೀರೆರೆದರೆ ಬಲವೃದ್ಧಿಯೆಂದೂ, ತಲೆಗೆ ಎರೆದರೆ ಕೂದಲಿಗೂ ಕಣ್ಣಿಗೂ ಹಾನಿಯೆಂದೂ ಹೇಳುತ್ತಾನೆ. ಉಂಡೊಡನೆ ಹಾಗೂ ಅಜೀರ್ಣ, ಅತಿಸಾರ, ಪೀನಸಗಳಿರುವಾಗ ಅವನ ಪ್ರಕಾರ ಸ್ನಾನವೇ ಸಲ್ಲದು. ಆದರೆ ನರಕಚತುರ್ದಶಿಯ ಅಭ್ಯಂಜನದಲ್ಲಿ ಹಂಡೆಯ ಬಿಸಿನೀರು ಬೀಳುವುದು ನೆತ್ತಿಯ ಮೇಲೆಯೇ. ಎಣ್ಣೆಯ ಜಿಡ್ಡು ಸೀಗೆಕಾಯಿ ಹಚ್ಚಿದರೂ ತಣ್ಣೀರಿಗೆ ಸುಲಭವಾಗಿ ಬಿಡದು. ರೂಢಿಯು ಶಾಸ್ತ್ರವನ್ನು ಮೀರಲು ಇಷ್ಟು ಕಾರಣ ಸಾಕಾಗಿರಬೇಕು.

ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (1126–1138) ‘ಮಾನಸೋಲ್ಲಾಸ’ವು ಸ್ನಾನವನ್ನು ಅರಸನ ಉಪಭೋಗಗಳಲ್ಲೊಂದೆಂದು ಪರಿಗಣಿಸುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನ ವರದಿಯಂತೆ, ಕೃಷ್ಣದೇವರಾಯನು ಬೆಳಗಾಗುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಲೇಪಿಸಿಕೊಂಡು, ಅದು ಬೆವರಾಗಿ ಹೊರಬರುವವರೆಗೆ ಸಾಮು ಮಾಡಿ, ಬಳಿಕ ಸ್ನಾನ ಮಾಡುತ್ತಿದ್ದನು. ಇಲ್ಲಿ ಮೈ ಕಾಯಿಸಿದ್ದು ನೀರಲ್ಲ, ವ್ಯಾಯಾಮ.

ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮಿಗಿಲಾಗಿ ಶಾಖವನ್ನು ಸಾಗಿಸಬಲ್ಲದು. ಬಿಸಿನೀರು ಸೋಕಿದೊಡನೆ ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತವು ಮೈಯ ಹೊರವಲಯಕ್ಕೆ ಹರಿಯುತ್ತದೆ. ರಕ್ತದೊತ್ತಡ ಇಳಿಯುತ್ತದೆ, ನಾಡಿ ಚುರುಕಾಗುತ್ತದೆ. ತೊಟ್ಟಿಯಲ್ಲಿ ಮುಳುಗುವ ಜಪಾನೀ ಪದ್ಧತಿಗೂ ತಂಬಿಗೆಯಿಂದ ಎರೆದುಕೊಳ್ಳುವ ನಮ್ಮ ಪದ್ಧತಿಗೂ ಇಲ್ಲಿ ಅಂತರವುಂಟು: ಎರೆದ ನೀರು ಕ್ಷಣದಲ್ಲಿ ಜಾರಿ, ಉಳಿದ ತೇವ ಆವಿಯಾಗುತ್ತ ಮೈಯನ್ನು ತಣಿಸುತ್ತದೆ. ಸ್ನಾನಾನಂತರ ಹಿಗ್ಗಿದ ನಾಳಗಳ ಮೂಲಕ ಒಳಗಿನ ಶಾಖ ಹೊರಹೋಗಿ ದೇಹದ ಉಷ್ಣತೆ ಇಳಿಯುವುದೇ ನಿದ್ರೆಗೆ ಸಹಕಾರಿ. 40ರಿಂದ 42.5 ಡಿಗ್ರಿ ಸೆಲ್ಸಿಯಸ್‌ ನೀರಿನ ಸ್ನಾನವನ್ನು ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ಮಾಡಿದರೆ ನಿದ್ರೆ ಬೇಗ ಬರುತ್ತದೆಂದು 2019ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ತೋರಿಸಿದೆ. ಎಣ್ಣೆಸ್ನಾನದ ದಿನದ ಪ್ರಸಿದ್ಧ ತೂಕಡಿಕೆಗೆ ಹಬ್ಬದೂಟವೊಂದನ್ನೇ ಹೊಣೆ ಮಾಡಬೇಕಾಗಿಲ್ಲ!

ಈ ದೇಹಧರ್ಮ ಗಂಭೀರವಾಗುವುದು ಬಾಣಂತಿಸ್ನಾನದಲ್ಲಿ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡ ಮೈಗೆ ಹಂಡೆಗಟ್ಟಲೆ ಸುಡುನೀರೆರೆದು, ಕಂಬಳಿ ಹೊದಿಸಿ, ಕೆಂಡದ ಬಳಿ ಮಲಗಿಸುವುದು ಅನೇಕ ಮನೆಗಳ ಪದ್ಧತಿ. ನೋವು ಹಿಡಿದ ಸ್ನಾಯುಗಳಿಗೆ ಇದರಿಂದ ಆರಾಮ ದೊರೆಯುವುದು ದಿಟ. ಎರೆಯುವ ಹಿರಿಯರ ಕೈಯ ಆರೈಕೆಯೂ ಅಲ್ಪವಲ್ಲ. ಆದರೆ ಒತ್ತಡ ಮೊದಲೇ ತಗ್ಗಿದ ದೇಹದಲ್ಲಿ ನಾಳಗಳು ಇನ್ನಷ್ಟು ಹಿಗ್ಗಿದಾಗ, ಎದ್ದು ನಿಂತೊಡನೆ ಕಣ್ಣು ಕತ್ತಲೆಗೂಡಿ ಬೀಳುವ ಸಂಭವವಿದೆ. ಇದನ್ನು ದೃಷ್ಟಿದೋಷವೆಂದೋ ಶೀತವೆಂದೋ ಬಗೆದು ನೀರನ್ನು ಮತ್ತಷ್ಟು ಕಾಯಿಸುವುದು ಅಪಾಯಕರ.

ಕೆಂಡದ ಅಪಾಯ ಬೇರೆಯದು. ಹೆಂಚಿನ ಮಾಡಿನ ಬಚ್ಚಲುಮನೆಯಲ್ಲಿ ಹೊಗೆಯೊಂದಿಗೆ ಕಾರ್ಬನ್ ಮಾನಾಕ್ಸೈಡ್ ಕೂಡ ಸಂದುಗಳಿಂದ ಹೊರಹೋಗಬಹುದಿತ್ತು. ಕಿಟಕಿ ಮುಚ್ಚಿದ ಕಾಂಕ್ರೀಟು ಕೋಣೆಯಲ್ಲಿ, ಅದು ಬಾಣಂತಿಯ ಕೆಂಡದ್ದಿರಲಿ ಗ್ಯಾಸ್ ಗೀಸರಿನದ್ದಿರಲಿ, ಬಣ್ಣವೂ ವಾಸನೆಯೂ ಇಲ್ಲದ ಆ ಅನಿಲ ಒಳಗೇ ಉಳಿಯುತ್ತದೆ.